ಕೈಕಾಲು ಏಕೆ ಇಷ್ಟು ತಣ್ಣಗಿರುತ್ತದೆ? ಮಲೆನಾಡಿನ ಚಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಔಷಧಿ ಅಂಗಡಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಕೈಕಾಲು ಬೆಚ್ಚಗೇ ಆಗುವುದಿಲ್ಲ, ರಕ್ತ ಚೆನ್ನಾಗಿ ಓಡಾಡಲು ಒಂದು ಮಾತ್ರೆ ಕೊಡಿ.’ ಅಂಥ ಒಂದು ಮಾತ್ರೆ ಇಲ್ಲ. ಕೈಕಾಲು ತಣ್ಣಗಾಗಲು ಹತ್ತಾರು ಕಾರಣಗಳಿವೆ. ಹೆಚ್ಚಿನವು ನಿರಪಾಯ, ಕೆಲವಕ್ಕೆ ಚಿಕಿತ್ಸೆ ಬೇಕು, ಒಂದೆರಡು ಮಾತ್ರ ಗಂಟೆಗಳ ಲೆಕ್ಕದಲ್ಲಿ ಕಾಲನ್ನೋ ಪ್ರಾಣವನ್ನೋ ತೆಗೆಯುವಂಥವು. ಯಾವುದು ಯಾವುದೆಂದು ಅಂದಾಜು ಮಾಡಿಕೊಳ್ಳಲು ಈ ಪ್ರಶ್ನೋತ್ತರ. ಇದನ್ನು ಓದಿದ ಮಾತ್ರಕ್ಕೆ ವೈದ್ಯರ ಪರೀಕ್ಷೆ ತಪ್ಪುವುದಿಲ್ಲ.

ಕೈಕಾಲು ತಣ್ಣಗಿರುವುದು ಕಾಯಿಲೆಯೇ?

ಬಹುತೇಕ ಅಲ್ಲ. ದೇಹದ ಒಳಭಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಹೃದಯ, ಮಿದುಳು, ಯಕೃತ್ತುಗಳ ಕೆಲಸ ನಡೆಯುವುದು ಆ ಬಿಸಿಯಲ್ಲಿ. ಹೊರಗೆ ಚಳಿ ಏರಿದ ಕೂಡಲೇ ನರಮಂಡಲ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿ, ಬೆಚ್ಚಗಿನ ರಕ್ತವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಬೆರಳು, ಮೂಗಿನ ತುದಿ, ಕಿವಿಗಳಲ್ಲಿ ಇಂಥ ಬಿಗಿಯುವ ನಾಳಗಳು ಬಹಳ ದಟ್ಟವಾಗಿವೆ. ಹಾಗಾಗಿ ಮೊದಲು ತಣ್ಣಗಾಗುವುದೂ ಅವೇ. ಅಂದರೆ ತಣ್ಣಗಿನ ಕೈ ಎಷ್ಟೋ ಸಲ ದೇಹ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ನಮ್ಮ ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಎತ್ತರ 1,000 ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರು–ಆರೂವರೆ ಡಿಗ್ರಿ ಇಳಿಯುತ್ತದೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ಸೊಸೆಗೆ ಮೊದಲ ಚಳಿಗಾಲದಲ್ಲಿ ಕೈಕಾಲು ಕೊರೆದರೆ ಅದಕ್ಕೆ ರಕ್ತಪರೀಕ್ಷೆ ಬೇಕಿಲ್ಲ, ಒಂದು ಜೊತೆ ಉಣ್ಣೆಯ ಕಾಲುಚೀಲ ಬೇಕು.

ಇದು ಸಹಜದ ಚಳಿಯೋ, ಬೇರೆ ಏನಾದರೂ ಇದೆಯೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಮೊದಲ ಕೆಲಸ, ಇನ್ನೊಬ್ಬರಿಂದ ಮುಟ್ಟಿಸಿ ನೋಡುವುದು. ‘ತಣ್ಣಗಿದೆ’ ಮತ್ತು ‘ತಣ್ಣಗೆ ಅನಿಸುತ್ತಿದೆ’ ಎರಡೂ ಬೇರೆ ಬೇರೆ ದೂರುಗಳು. ನಿಮಗೆ ಪಾದ ಕೊರೆಯುತ್ತಿದ್ದು, ಮನೆಯವರು ಮುಟ್ಟಿದಾಗ ಅದು ಬೆಚ್ಚಗೇ ಇದ್ದರೆ, ಅನುಮಾನ ರಕ್ತದ ಹರಿವಿಗಿಂತ ಹೆಚ್ಚಾಗಿ ನರಗಳ ಮೇಲೆ ಹೋಗಬೇಕು. ಇಬ್ಬರಿಗೂ ತಣ್ಣಗೆ ಅನಿಸಿದರೆ ರಕ್ತನಾಳ, ರಕ್ತಹೀನತೆ, ಥೈರಾಯ್ಡ್, ಔಷಧಿಗಳ ಕಡೆ ನೋಡಬೇಕು. ಆಸ್ಪತ್ರೆಯಲ್ಲಿ ಈ ಒಂದು ವಿವರ ಹೇಳಿದರೂ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಮುಟ್ಟುವವರು ಅಂಗೈಯಿಂದ ಮುಟ್ಟುವ ಬದಲು ಬೆರಳುಗಳ ಹಿಂಭಾಗದಿಂದ ಮುಟ್ಟಲಿ, ಆ ಜಾಗಕ್ಕೆ ಬಿಸಿ ತಂಪು ಚೆನ್ನಾಗಿ ತಿಳಿಯುತ್ತದೆ. ಮೊಣಕಾಲಿನಿಂದ ಶುರುಮಾಡಿ ಕೆಳಗೆ ಜಾರಿಸುತ್ತಾ ಬಂದು, ತಂಪು ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಸಿ. ಆಮೇಲೆ ಇನ್ನೊಂದು ಕಾಲಿನಲ್ಲೂ ಹಾಗೆಯೇ. ಎರಡೂ ಕಡೆ ಒಂದೇ ಸಮನಾಗಿದ್ದು, ತಂಪು ಮೆಲ್ಲಗೆ ಏರುತ್ತಾ ಹೋದರೆ ಸಾಮಾನ್ಯವಾಗಿ ಗಾಬರಿಯಿಲ್ಲ. ಒಂದು ಕಾಲಿನಲ್ಲಿ ಮಾತ್ರ ಮೀನಖಂಡದ ನಡುವಿನಿಂದಲೋ ಪಾದದ ಗಿಣ್ಣಿನಿಂದಲೋ ಗೆರೆ ಎಳೆದಂತೆ ತಣ್ಣಗಿದ್ದರೆ ಅದು ಬೇರೆ ಕಥೆ.

ಬಳಿಕ ಬೆರಳಿನ ಉಗುರನ್ನು ಐದು ಸೆಕೆಂಡು ಒತ್ತಿಹಿಡಿದು ಬಿಡಿ. ಬಿಳಿಚಿದ ಜಾಗಕ್ಕೆ ಸುಮಾರು ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಚಳಿಯ ಕೋಣೆಯಲ್ಲಿ ಆರೋಗ್ಯವಂತರಿಗೂ ಇದು ತಡವಾಗುತ್ತದೆ, ಆದ್ದರಿಂದ ಬಚ್ಚಲಿನಿಂದ ಹೊರಬಂದ ತಕ್ಷಣ ಪರೀಕ್ಷೆಗೆ ಕೂರಬೇಡಿ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಗೆರೆಯಲ್ಲೇ ಮೇಲಕ್ಕೆ ಬಂದರೆ ಒಂದು ನಾಡಿ ಸಿಗುತ್ತದೆ. ಒಳಗಿಣ್ಣಿನ ಮೂಳೆಯ ಹಿಂದೆ ಇನ್ನೊಂದಿದೆ. ಮೇಲಿನ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಅದೊಂದೇ ಕಾರಣಕ್ಕೆ ಹೆದರಬೇಡಿ.

ನನ್ನ ಕೈ ಸದಾ ತಣ್ಣಗೆ, ನಮ್ಮ ಯಜಮಾನರ ಕೈ ಸದಾ ಬಿಸಿ. ಹೆಂಗಸರಿಗೇ ಏಕೆ ಹೀಗೆ?

ಬಿಸಿ ಹುಟ್ಟಿಸುವುದರಲ್ಲಿ ಸ್ನಾಯುಗಳ ಪಾಲು ದೊಡ್ಡದು. ಸರಾಸರಿ ಲೆಕ್ಕದಲ್ಲಿ ಗಂಡಸರ ಮೈಯಲ್ಲಿ ಸ್ನಾಯು ಹೆಚ್ಚು. ಜೊತೆಗೆ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಹೆಂಗಸರ ಬೆರಳಿನ ನಾಳಗಳು ಚಳಿಗೆ ಬೇಗ ಬಿಗಿಯುತ್ತವೆ. ತೀರಾ ತೆಳ್ಳಗಿರುವವರಿಗೂ ಊಟ ಬಿಟ್ಟು ಉಪವಾಸ ಮಾಡುವವರಿಗೂ ಇನ್ನಷ್ಟು. ಇವೆಲ್ಲ ಕಾಯಿಲೆಗಳ ಪಟ್ಟಿಗೆ ಸೇರುವುದಿಲ್ಲ. ಆದರೆ ‘ಹೆಂಗಸರಿಗೆ ಇದ್ದದ್ದೇ’ ಎಂದು ತಳ್ಳಿಹಾಕುವ ಅಭ್ಯಾಸದಿಂದ ರಕ್ತಹೀನತೆಯೂ ಥೈರಾಯ್ಡ್ ತೊಂದರೆಯೂ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತವೆ. ಕೈ ಮೊದಲಿನಿಂದಲೂ ಹೀಗೆಯೇ ಇತ್ತೋ, ಇತ್ತೀಚೆಗೆ ಹೀಗಾಯಿತೋ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬೇಕು.

ಕಾಫಿ ಕೊಯ್ಲಿಗೆ ಹೋಗುವವರಿಗೆ ಬೆಳಗಿನ ಹೊತ್ತು ಬೆರಳು ಮರಗಟ್ಟುತ್ತದೆ. ಏನು ಮಾಡಬೇಕು?

ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯ ನಡುವೆ, ಸರಿಯಾಗಿ ಚಳಿ ಬಿಗಿಯುವ ಕಾಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಎಲೆಗಳೆಲ್ಲ ಇಬ್ಬನಿಯಲ್ಲಿ ನೆಂದಿರುತ್ತವೆ. ಗಿಡದ ಒಂದು ರೆಕ್ಕೆಯನ್ನು (ಕೊಂಬೆಯನ್ನು) ಎಳೆದು ಹಣ್ಣು ಬಿಡಿಸುವಷ್ಟರಲ್ಲಿ ತೋಳಿನ ಬಟ್ಟೆ ಮೊಣಕೈವರೆಗೆ ಒದ್ದೆ, ಬೆರಳ ಸಂದಿಯಲ್ಲಿ ಹಣ್ಣಿನ ಅಂಟು. ಒದ್ದೆಯೇ ಇಲ್ಲಿ ದೊಡ್ಡ ಶತ್ರು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹತ್ತು ಡಿಗ್ರಿಯ ಒಣ ಚಳಿಗಿಂತ ಹದಿನೈದು ಡಿಗ್ರಿಯ ಒದ್ದೆ ಚಳಿ ಬೆರಳಿಗೆ ಕಷ್ಟ ಎನಿಸುವುದು ಅದಕ್ಕೇ.

ಒದ್ದೆಯಾದ ಬಟ್ಟೆಯ ಕೈಗವಸಿಗಿಂತ ಬರಿಗೈ ಎಷ್ಟೋ ವಾಸಿ. ತೆಳುವಾದ ರಬ್ಬರ್ ಲೇಪದ ಕೈಗವಸು ಸಿಕ್ಕರೆ ಒಳ್ಳೆಯದು. ಎರಡು ಜೊತೆ ಇಟ್ಟುಕೊಂಡು ಹತ್ತು ಗಂಟೆಯ ಕಾಫಿಯ ಹೊತ್ತಿಗೆ ಬದಲಾಯಿಸಬಹುದು. ಎದೆ, ಬೆನ್ನು, ಕುತ್ತಿಗೆ ಬೆಚ್ಚಗಿರಬೇಕು. ಹೊಟ್ಟೆಗೆ ಚಳಿಯಾದರೆ ದೇಹ ಬೆರಳಿನ ರಕ್ತವನ್ನೇ ಕಡಿತ ಮಾಡುತ್ತದೆ. ಕೈಗವಸು ಹಾಕಿ ಸ್ವೆಟರ್ ಮರೆತರೆ ಪ್ರಯೋಜನವಿಲ್ಲ. ಹಿರಿಯರು ಕಂಬಳಿಯ ಕೊಪ್ಪೆ ಹೊದ್ದು ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದುದರ ಹಿಂದೆ ಇದೇ ಲೆಕ್ಕವಿದೆ.

ತಣ್ಣೀರು ಮುಟ್ಟಿದರೆ ಬೆರಳು ಪೂರ್ತಿ ಬೆಳ್ಳಗಾಗುತ್ತದೆ, ಆಮೇಲೆ ನೀಲಿ, ಆಮೇಲೆ ಕೆಂಪು. ಇದೇನು?

ಇದಕ್ಕೆ ರೇನೋ ತೊಂದರೆ ಎಂದು ಹೆಸರು. ಮಾರಿಸ್ ರೇನೋ ಎಂಬ ಫ್ರೆಂಚ್ ವೈದ್ಯರು 1862ರಲ್ಲಿ ಇದನ್ನು ವಿವರಿಸಿದರು. ಬೆರಳಿನ ಸಣ್ಣ ನಾಳಗಳು ಚಳಿಗೋ ಆತಂಕಕ್ಕೋ ಅತಿಯಾಗಿ ಬಿಗಿದುಕೊಳ್ಳುತ್ತವೆ. ರಕ್ತ ನಿಂತಾಗ ಬಿಳಿ, ಅಲ್ಲೇ ಉಳಿದ ರಕ್ತದ ಆಮ್ಲಜನಕ ಮುಗಿದಾಗ ನೀಲಿ, ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪು. ಕೆಂಪಾಗುವ ಹೊತ್ತಿನಲ್ಲಿ ಜುಮುಗುಟ್ಟಿ ಉರಿಯುತ್ತದೆ. ಮೂರು ಬಣ್ಣವೂ ಎಲ್ಲರಿಗೂ ಬರುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ನೀಲಿ, ಕೆಂಪು ಅಷ್ಟಾಗಿ ಕಾಣದೆ, ಉಗುರಿನ ಕೆಳಗೆ ಮತ್ತು ಅಂಗೈ ಕಡೆ ಮಾತ್ರ ಬಿಳಿಚಿಕೊಂಡಂತೆ ಕಾಣಬಹುದು. ನಮ್ಮಲ್ಲಿ ಇದು ಗಮನಕ್ಕೆ ಬಾರದೆ ಹೋಗಲು ಅದೂ ಒಂದು ಕಾರಣ.

ಹದಿನೈದರಿಂದ ಮೂವತ್ತರ ವಯಸ್ಸಿನಲ್ಲಿ ಶುರುವಾಗಿ, ಎರಡೂ ಕೈಗಳಿಗೆ ಸಮನಾಗಿ ಬಂದು, ಬೆಚ್ಚಗಾದ ಮೇಲೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸರಿಹೋಗಿ, ಬೇರೇನೂ ತೊಂದರೆ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ನಿರುಪದ್ರವಿ. ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುವುದು, ಕಂಕುಳಲ್ಲಿ ಇಟ್ಟುಕೊಳ್ಳುವುದು, ತೋಳನ್ನು ಗಿರಗಿರನೆ ತಿರುಗಿಸುವುದು, ಇಷ್ಟೇ ಚಿಕಿತ್ಸೆ. ಕುದಿಯುವಷ್ಟು ಬಿಸಿಯಾದ ನೀರಿಗೆ ಕೈ ಹಾಕಬಾರದು, ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ತೊಂದರೆ ಹೆಚ್ಚಿದ್ದರೆ ರಕ್ತನಾಳ ಸಡಿಲಿಸುವ ನಿಫೆಡಿಪಿನ್, ಆಮ್ಲೋಡಿಪಿನ್ ಥರದ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ.

ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಒಂದೇ ಕೈಗೆ ಬಂದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಚರ್ಮ ಬಿಗಿಯಾಗಿ ಉಂಗುರ ಏರದಂತಾದರೆ, ಕೀಲುನೋವು, ಬಾಯಿ ಒಣಗುವುದು, ನುಂಗಲು ಕಷ್ಟ, ಬಿಸಿಲಿಗೆ ಮುಖದಲ್ಲಿ ಕೆಂಪು ದದ್ದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಸುಮ್ಮನೆ ಕೂರುವಂತಿಲ್ಲ. ಸ್ಕ್ಲೆರೋಡರ್ಮಾ, ಲೂಪಸ್‌ನಂಥ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಗಗಳ ಮೇಲೆ ತಿರುಗಿಬೀಳುತ್ತದೆ. ಅವುಗಳ ಮೊದಲ ಸುಳಿವು ಎಷ್ಟೋ ಸಲ ಬೆರಳಿನಲ್ಲೇ ಸಿಗುತ್ತದೆ. ಎಎನ್‌ಎ ಎಂಬ ರಕ್ತಪರೀಕ್ಷೆ, ಉಗುರಿನ ಬುಡದ ಸೂಕ್ಷ್ಮ ನಾಳಗಳನ್ನು ಹಿಗ್ಗಿಸಿ ನೋಡುವ ಪರೀಕ್ಷೆ ಎರಡರಿಂದಲೂ ದಾರಿ ತಿಳಿಯುತ್ತದೆ.

ಕಳೆ ಕೊಚ್ಚುವ ಯಂತ್ರ ಹಿಡಿಯುವವರಿಗೂ ಬೆರಳು ಬೆಳ್ಳಗಾಗುತ್ತದಂತೆ, ನಿಜವೇ?

ನಿಜ. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಸಾಕಷ್ಟು ಮಾತಾಗುತ್ತಿಲ್ಲ ಎಂಬುದು ನನ್ನ ದೂರು. ಆಳು ಸಿಗದ ಮೇಲೆ ಕತ್ತಿಯ ಜಾಗಕ್ಕೆ ಪೆಟ್ರೋಲ್ ಯಂತ್ರ ಬಂತು. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಯಂತ್ರದ ಗರಗಸ ಬಂತು. ಹಿಡಿಯ ಅದುರುವಿಕೆ ಗಂಟೆಗಟ್ಟಲೆ, ವರ್ಷಗಟ್ಟಲೆ ಕೈಗೆ ಇಳಿದರೆ ಬೆರಳಿನ ಸಣ್ಣ ನಾಳ ಮತ್ತು ನರ ಎರಡೂ ಕೆಡುತ್ತವೆ. ಕಲ್ಲು ಕೊರೆಯುವ ಯಂತ್ರ ಹಿಡಿದವರಲ್ಲಿ ಇದನ್ನು ಇಟಲಿಯಲ್ಲಿ 1911ರಲ್ಲೇ ಗುರುತಿಸಿದ್ದರು. ಅಮೆರಿಕದ ಇಂಡಿಯಾನಾ ರಾಜ್ಯದ ಸುಣ್ಣಕಲ್ಲು ಕೆಲಸಗಾರರನ್ನು ಪರೀಕ್ಷಿಸಿ ಡಾ. ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ವರದಿ ಬರೆದರು. ನೂರು ವರ್ಷ ಹಳೆಯ ಸುದ್ದಿ ನಮ್ಮ ತೋಟಕ್ಕೆ ಇನ್ನೂ ತಲುಪಬೇಕಾಗಿದೆ.

ಗುರುತು ಹೀಗಿರುತ್ತದೆ: ಬೆಳಿಗ್ಗೆ ಬೈಕಿನಲ್ಲಿ ತೋಟಕ್ಕೆ ಹೋಗುವಾಗಲೋ ಕೊಳಾಯಿಯಲ್ಲಿ ಕೈ ತೊಳೆಯುವಾಗಲೋ ಒಂದೆರಡು ಬೆರಳಿನ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬಿಳಿ ಮುಗಿಯುವ ಜಾಗದಲ್ಲಿ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಉಗುರಿನವರೆಗೆ, ವರ್ಷ ಕಳೆದಂತೆ ಮೊದಲ ಗೆಣ್ಣು, ಆಮೇಲೆ ಎರಡನೆಯ ಗೆಣ್ಣು. ರಾತ್ರಿ ಜೋಮು ಹಿಡಿಯುತ್ತದೆ. ಅಂಗಿಯ ಗುಂಡಿ ಹಾಕುವುದು, ನೆಲಕ್ಕೆ ಬಿದ್ದ ನಾಣ್ಯ ಎತ್ತುವುದು ಕಷ್ಟವಾಗುತ್ತದೆ. ಆರಂಭದಲ್ಲೇ ಯಂತ್ರ ಬಿಟ್ಟರೆ ಸುಧಾರಿಸಬಹುದು, ಬಲಿತ ಮೇಲೆ ಸ್ಪರ್ಶ ಪೂರ್ತಿ ಮರಳುವುದಿಲ್ಲ.

ಮಾಲೀಕರು ಮಾಡಬಹುದಾದದ್ದು ಬಹಳ ಇದೆ. ಒಬ್ಬನ ಕೈಗೇ ಇಡೀ ದಿನ ಯಂತ್ರ ಕೊಡದೆ ಇಬ್ಬರು ಮೂವರ ನಡುವೆ ಹಂಚುವುದು, ಸಡಿಲವಾದ ಹಿಡಿ, ಹರಿದ ರಬ್ಬರ್, ಮೊಂಡಾದ ಅಲಗನ್ನು ತಕ್ಷಣ ಬದಲಿಸುವುದು, ಹೊಸ ಯಂತ್ರ ಕೊಳ್ಳುವಾಗ ಅದುರುವಿಕೆ ಎಷ್ಟೆಂದು ಕೇಳುವುದು. ಕೆಲಸಗಾರರು ಹಿಡಿಯನ್ನು ಬಿಗಿಯಾಗಿ ಅಮುಕದೆ, ಯಂತ್ರದ ಭಾರವನ್ನು ಹೆಗಲ ಪಟ್ಟಿಯ ಮೇಲೆ ಬಿಡಬೇಕು. ಅದುರು ತಡೆಯುವ ಕೈಗವಸು ಎಂದು ಮಾರುವವುಗಳ ಮೇಲೆ ಹೆಚ್ಚು ಭರವಸೆ ಇಡಬೇಡಿ. ಅವು ಕೈಯನ್ನು ಬೆಚ್ಚಗಿಡುತ್ತವೆ, ಅಷ್ಟು ಲಾಭ ಖಂಡಿತ.

ರಕ್ತ ಕಡಿಮೆ ಇದ್ದರೆ ಕೈಕಾಲು ತಣ್ಣಗಾಗುತ್ತದೆಯೇ?

ಆಗಬಹುದು. ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ ಗರ್ಭಿಣಿಯಲ್ಲದ ಹೆಂಗಸರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಇದು ಇದೆ. ಬೇಗ ದಣಿವು, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚು, ಮಣ್ಣನ್ನೋ ಹಸಿ ಅಕ್ಕಿಯನ್ನೋ ತಿನ್ನುವ ಚಪಲ ಇದ್ದರೆ ರಕ್ತಪರೀಕ್ಷೆ ಮಾಡಿಸಿ. ಮುಟ್ಟಿನಲ್ಲಿ ಅತಿಯಾಗಿ ಹೋಗುವುದು ಒಂದು ದೊಡ್ಡ ಕಾರಣ. ತೋಟದ ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇನ್ನೊಂದು. ಅದು ಪಾದದ ಚರ್ಮದ ಮೂಲಕವೇ ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಗಂಡಸರಲ್ಲೋ ಮುಟ್ಟು ನಿಂತವರಲ್ಲೋ ಹಿಮೋಗ್ಲೋಬಿನ್ ಇಳಿದಿದ್ದರೆ ಬರೀ ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಹೊಟ್ಟೆ ಕರುಳಿನಲ್ಲಿ ಎಲ್ಲಿಂದಲಾದರೂ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು.

ಇನ್ನು ಚಿಕ್ಕಮಗಳೂರಿನವರಿಗೆ ಇಷ್ಟವಾಗದ ಮಾತು. ಊಟ ಮುಗಿಸಿದ ಕೈಯಲ್ಲೇ ಕಾಫಿ ಲೋಟ ಹಿಡಿದರೆ ಸೊಪ್ಪು, ಕಾಳಿನಲ್ಲಿದ್ದ ಕಬ್ಬಿಣದ ಒಂದಷ್ಟು ಭಾಗ ರಕ್ತಕ್ಕೆ ಸೇರದೆ ಹೋಗುತ್ತದೆ. ಚಹಾ ಇನ್ನೂ ಕೆಟ್ಟದ್ದು. ಕಾಫಿ ಬಿಡಿ ಎಂದು ಈ ಊರಿನಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಕುಡಿಯಿರಿ, ಇಲ್ಲವೇ ಊಟವಾಗಿ ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿಯ ಜೊತೆ ನುಂಗಲೇಬೇಡಿ, ನಿಂಬೆ ಶರಬತ್ತಿನ ಜೊತೆ ನುಂಗಿ.

ಥೈರಾಯ್ಡ್ ತೊಂದರೆ ಎಂದು ಯಾವಾಗ ಅನುಮಾನಿಸಬೇಕು?

ಬೆರಳು ಮಾತ್ರವಲ್ಲದೆ ಇಡೀ ಮೈಗೆ ಚಳಿ ತಡೆಯದಿದ್ದಾಗ. ಮನೆಯವರೆಲ್ಲ ಫ್ಯಾನ್ ಹಾಕಿಕೊಂಡಿರುವಾಗ ನೀವು ಶಾಲು ಹುಡುಕುತ್ತಿದ್ದರೆ, ಜೊತೆಗೆ ತೂಕ ಏರಿಕೆ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ದನಿ ದಪ್ಪಗಾಗುವುದು ಇದ್ದರೆ ಟಿಎಸ್‌ಎಚ್ ರಕ್ತಪರೀಕ್ಷೆ ಸಾಕು. ಮಾತ್ರೆ ಶುರುವಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಾಫಿ ಇಲ್ಲೂ ಅಡ್ಡ ಬರುತ್ತದೆ, ಏನು ಮಾಡುವುದು!

ಸಕ್ಕರೆ ಕಾಯಿಲೆ ಇದೆ. ಪಾದ ಕೊರೆಯುತ್ತದೆ, ಆದರೆ ಮುಟ್ಟಿದರೆ ಬೆಚ್ಚಗಿದೆ ಎನ್ನುತ್ತಾರೆ. ಯಾರ ಮಾತು ನಿಜ?

ಇಬ್ಬರದೂ. ಬಹಳ ದಿನ ಸಕ್ಕರೆ ಏರಿದ್ದರೆ ಪಾದದ ನರಗಳು ಕೆಟ್ಟು, ಇಲ್ಲದ ಚಳಿಯನ್ನೂ ಉರಿಯನ್ನೂ ಮಿದುಳಿಗೆ ವರದಿ ಮಾಡುತ್ತವೆ. ಬಿ12 ಜೀವಸತ್ವದ ಕೊರತೆಯಲ್ಲೂ ಹೀಗಾಗುತ್ತದೆ. ಕಟ್ಟಾ ಸಸ್ಯಾಹಾರಿಗಳು ಮತ್ತು ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ಅದನ್ನೂ ಪರೀಕ್ಷಿಸಿಕೊಳ್ಳಬೇಕು. ಕೈಯಲ್ಲಿ ಹೆಬ್ಬೆರಳು, ತೋರು, ನಡು ಬೆರಳುಗಳು ಮಾತ್ರ ರಾತ್ರಿ ಜೋಮು ಹಿಡಿದು ಕೊರೆದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು.

ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಚಳಿ ಎಂದು ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ಸುರಿದು ಪಾದ ಇಳಿಬಿಡುತ್ತಾರೆ, ಇಲ್ಲವೇ ರಬ್ಬರಿನ ಬಿಸಿನೀರ ಚೀಲವನ್ನು ಹಾಸಿಗೆಯಲ್ಲಿ ಕಾಲಡಿ ಇಟ್ಟು ಮಲಗುತ್ತಾರೆ. ಸ್ಪರ್ಶ ಸತ್ತ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ನೀರುಗುಳ್ಳೆ, ವಾರ ಕಳೆದರೆ ಹುಣ್ಣು, ಆಮೇಲೆ ಅದು ಮಾಯುವುದೇ ಇಲ್ಲ. ಸಕ್ಕರೆ ಇರುವವರು ಪಾದಕ್ಕೆ ನೇರ ಬಿಸಿ ಕೊಡಲೇಬಾರದು. ಸಡಿಲವಾದ ಉಣ್ಣೆ ಕಾಲುಚೀಲ ಸಾಕು. ನೀರಿನ ಬಿಸಿಯನ್ನು ಮೊಣಕೈಯಿಂದಲೋ ಬೇರೆಯವರ ಕೈಯಿಂದಲೋ ಪರೀಕ್ಷಿಸಿ. ದಿನವೂ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ, ಚಪ್ಪಲಿ ಬೂಟು ಹಾಕುವ ಮೊದಲು ಕೊಡವಿ.

ಒಂದೇ ಕಾಲು ತಣ್ಣಗಿದೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ವಾತವೇ?

ಈ ಲಕ್ಷಣ ಕೇಳಿದರೆ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕಾಲಿನ ರಕ್ತನಾಳದ ಅಡಚಣೆ. ಒಂದಷ್ಟು ದೂರ ನಡೆದಾಗ ನೋವು, ಎರಡು ನಿಮಿಷ ನಿಂತರೆ ಮಾಯ, ಮತ್ತೆ ಅಷ್ಟೇ ದೂರಕ್ಕೆ ನೋವು. ಕಾಲಿನ ರೋಮ ಉದುರಿ ಚರ್ಮ ತೆಳ್ಳಗೆ ಮಿನುಗುತ್ತದೆ, ಉಗುರು ನಿಧಾನವಾಗಿ ಬೆಳೆಯುತ್ತದೆ, ಸಣ್ಣ ಗಾಯವೂ ಮಾಯುವುದಿಲ್ಲ. ವಯಸ್ಸು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ಇದರ ಹಿಂದಿನ ಕಾರಣಗಳು. ತೋಳಿನ ಮತ್ತು ಗಿಣ್ಣಿನ ರಕ್ತದೊತ್ತಡವನ್ನು ಅಳೆದು ಹೋಲಿಸುವ ಸುಲಭ ಪರೀಕ್ಷೆಯೊಂದಿದೆ. ಗಿಣ್ಣಿನ ಅಂಕಿಯನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಎಂದರ್ಥ.

ನಲವತ್ತೈದರೊಳಗಿನ ಗಂಡಸರಲ್ಲಿ, ಅದರಲ್ಲೂ ಬೀಡಿ ಸೇದುವವರಲ್ಲಿ ಬರುವ ಇನ್ನೊಂದು ಕಾಯಿಲೆಗೆ ಬರ್ಗರ್ ಕಾಯಿಲೆ ಎನ್ನುತ್ತಾರೆ. ಲಿಯೋ ಬರ್ಗರ್ ಎಂಬ ವೈದ್ಯರು 1908ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಕೈಕಾಲಿನ ಸಣ್ಣ ಮತ್ತು ಮಧ್ಯಮ ನಾಳಗಳು ಉರಿಯೂತವಾಗಿ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಬೆರಳು ಕಪ್ಪಾಗಿ, ರಾತ್ರಿಯೆಲ್ಲ ಕಾಲು ಇಳಿಬಿಟ್ಟು ಕೂರುವಷ್ಟು ನೋವು. ತಂಬಾಕು ನಿಲ್ಲಿಸಿದವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೇ ಬೀಡಿ ಎಂದು ರಾಜಿ ಮಾಡಿಕೊಂಡವರ ಕಾಲು ಉಳಿಯುವ ಭರವಸೆ ಇಲ್ಲ. ಎಲೆಯಡಿಕೆಯ ಜೊತೆ ಹಾಕುವ ಹೊಗೆಸೊಪ್ಪೂ ತಂಬಾಕೇ. ಇಂಥ ಕಾಲಿಗೆ ಮುಲಾಮು ತಿಕ್ಕಿ ತಿಂಗಳುಗಟ್ಟಲೆ ಕಾಯುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಒಂದು ಕಾಲೋ ಕೈಯೋ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ತಡೆಯಲಾಗದ ನೋವು ಬಂದು, ಬೆರಳು ಆಡಿಸಲು ಆಗದಿದ್ದರೆ. ರಕ್ತದ ಹೆಪ್ಪು ದೊಡ್ಡ ನಾಳಕ್ಕೆ ಸಿಕ್ಕಿಕೊಂಡಿರಬಹುದು. ಹೃದಯದ ಬಡಿತ ಏರುಪೇರಾಗುವವರಿಗೆ, ಹೃದಯದ ಕವಾಟದ ತೊಂದರೆ ಇರುವವರಿಗೆ ಈ ಭಯ ಹೆಚ್ಚು. ಸುಮಾರು ಆರು ಗಂಟೆಯೊಳಗೆ ರಕ್ತದ ಹರಿವು ಮರಳದಿದ್ದರೆ ಸ್ನಾಯು ಸಾಯತೊಡಗುತ್ತದೆ. ಬೆಳಗಾಗಲಿ ಎಂದು ಕಾಯಬಾರದು, ಬಿಸಿ ಶಾಖ ಕೊಡಬಾರದು, ತಿಕ್ಕಬಾರದು, ಕಾಲನ್ನು ದಿಂಬಿನ ಮೇಲೆ ಎತ್ತಿಡಬಾರದು. 108ಕ್ಕೆ ಕರೆಮಾಡಿ. ರಕ್ತನಾಳದ ಶಸ್ತ್ರಚಿಕಿತ್ಸೆ ಎಲ್ಲ ಕಡೆ ಸಿಗುವುದಿಲ್ಲ. ಬೆಂಗಳೂರಿಗೋ ಮಂಗಳೂರಿಗೋ ಕಳಿಸಬೇಕಾದರೆ ರಸ್ತೆಯಲ್ಲೇ ನಾಲ್ಕೈದು ಗಂಟೆ ಹೋಗಬಹುದು. ಆದ್ದರಿಂದ ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲೇ ‘ಕಾಲಿನಲ್ಲಿ ನಾಡಿ ಇದೆಯೇ ನೋಡಿ’ ಎಂದು ಬಾಯಿಬಿಟ್ಟು ಕೇಳಿ.

ತಣ್ಣನೆಯ ಬೆವರಿನ ಕೈಕಾಲಿನ ಜೊತೆ ಎದೆನೋವು, ಮಂಕು, ತಲೆಸುತ್ತು, ಅತಿಯಾದ ರಕ್ತಸ್ರಾವ ಇದ್ದರೂ ಹೀಗೆಯೇ.

ಮಗುವಿಗೆ ಜ್ವರ. ಹಣೆ ಸುಡುತ್ತಿದೆ, ಕೈಕಾಲು ತಣ್ಣಗಿದೆ. ಭಯಪಡಬೇಕೇ?

ಜ್ವರ ಏರುವ ಹೊತ್ತಿನಲ್ಲಿ ಹೀಗಾಗುವುದು ಸಾಮಾನ್ಯ. ಏರಿ ನಿಂತ ಮೇಲೆ ಕೈಕಾಲೂ ಬಿಸಿಯಾಗುತ್ತದೆ. ಆದರೆ ಮಳೆಗಾಲದಿಂದ ಆಚೆಗೆ ಡೆಂಗಿಯ ಕಾಲದಲ್ಲಿ ಒಂದು ತಿರುವನ್ನು ಮರೆಯಬೇಡಿ. ಡೆಂಗಿಯಲ್ಲಿ ಕಷ್ಟದ ಹೊತ್ತು ಬರುವುದು ಜ್ವರ ಇಳಿದಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ‘ಸದ್ಯ, ಜ್ವರ ಬಿಟ್ಟಿತು’ ಎಂದು ಮನೆಯವರು ಉಸಿರು ಬಿಡುವಾಗಲೇ ರಕ್ತನಾಳದಿಂದ ದ್ರವ ಸೋರಿ, ಕೈಕಾಲು ತಣ್ಣಗೆ ಜಿಗುಟಾಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆ, ಮಂಕು ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.

ಹಸುಗೂಸಿನ ಕೈಕಾಲು ನೀಲಿಯಾಗಿ ತಣ್ಣಗಿರುತ್ತದೆಯಲ್ಲ?

ಹುಟ್ಟಿದ ಮೊದಲ ದಿನಗಳಲ್ಲಿ ಬೆರಳು ತುಸು ನೀಲಿಯಿರುವುದು ಸಹಜ, ತುಟಿ ನಾಲಿಗೆ ನೀಲಿಯಾದರೆ ಸಹಜವಲ್ಲ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ. ಬಾಣಂತಿಯ ಬರಿ ಎದೆಗೆ ಮಗುವಿನ ಬರಿ ಮೈ ತಾಗಿಸಿ ಮೇಲೆ ಹೊದಿಸಿ, ಹಾಲು ಕುಡಿಸಿ. ಹೊಟ್ಟೆಯೂ ತಣ್ಣಗಿದ್ದರೆ ಹಾಗೆಯೇ ಎದೆಗೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.

ನುಂಗುವ ಮಾತ್ರೆಗಳಿಂದಲೂ ಹೀಗಾಗುತ್ತದೆಯೇ?

ಖಂಡಿತ. ರಕ್ತದೊತ್ತಡ, ಹೃದಯ, ಕೈನಡುಕಕ್ಕೆ ಕೊಡುವ ಅಟೆನಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಲಾಲ್, ಅರೆತಲೆನೋವಿನ ಎರ್ಗೊಟಮಿನ್, ಕಟ್ಟಿದ ಮೂಗು ಬಿಡಿಸುವ ಕೆಲವು ಶೀತದ ಮಾತ್ರೆಗಳು ಬೆರಳಿನ ನಾಳ ಬಿಗಿಸುತ್ತವೆ. ಹೃದಯದ ಮಾತ್ರೆಯನ್ನು ನೀವಾಗಿ ನಿಲ್ಲಿಸಿದರೆ ತಣ್ಣಗಿನ ಕೈಗಿಂತ ದೊಡ್ಡ ಅನಾಹುತವಾದೀತು. ಬರೆದುಕೊಟ್ಟವರನ್ನೇ ಕೇಳಿ.

ಪರೀಕ್ಷೆ, ಸಂದರ್ಶನ ಎಂದರೆ ಕೈ ತಣ್ಣಗಾಗಿ ಬೆವರುತ್ತದೆ.

ಅದು ಅಡ್ರಿನಲಿನ್ ಹಾರ್ಮೋನಿನ ಆಟ. ಆತಂಕ ಇಳಿದರೆ ಕೈಯೂ ಬೆಚ್ಚಗಾಗುತ್ತದೆ.

ಕಾಲ್ಬೆರಳು ಕೆಂಪಾಗಿ ಊದಿ ವಿಪರೀತ ತುರಿಸುತ್ತದೆ. ಅಲರ್ಜಿಯೇ?

ತೇವದ ಚಳಿಯಲ್ಲಿ ಓಡಾಡಿದ ಕೆಲವು ಗಂಟೆಗಳ ಮೇಲೆ ಬಂದಿದ್ದರೆ ಚಳಿಯ ಬಾವು ಇರಬಹುದು. ಹಿಮ ಬೀಳುವಷ್ಟು ಚಳಿ ಬೇಕಾಗಿಲ್ಲ, ಒದ್ದೆ ಬೂಟು ಸಾಕು. ಒಣಗಿಸಿ, ನಿಧಾನವಾಗಿ ಬೆಚ್ಚಗೆ ಮಾಡಿ, ಕೆರೆಯಬೇಡಿ. ಒಂದರಿಂದ ಮೂರು ವಾರದಲ್ಲಿ ಇಳಿಯುತ್ತದೆ. ಬೆಂಕಿಗೆ ಹಿಡಿದರೆ ಇನ್ನಷ್ಟು ಕೆರಳುತ್ತದೆ.

ಚಳಿಗೆ ಒಂದು ಗುಟುಕು ಬ್ರಾಂದಿ ಒಳ್ಳೆಯದಂತೆ?

ಮದ್ಯ ಚರ್ಮದ ನಾಳಗಳನ್ನು ತೆರೆದುಬಿಡುತ್ತದೆ. ಒಳಗಿದ್ದ ಬಿಸಿ ರಕ್ತ ಚರ್ಮಕ್ಕೆ ಬಂದು ಕೆನ್ನೆ, ಕೈ ಬೆಚ್ಚಗೆ ಅನಿಸುತ್ತದೆ, ಆದರೆ ಆ ಬಿಸಿ ಅಲ್ಲಿಂದ ಗಾಳಿಗೆ ಹೋಗಿ ದೇಹದ ಒಳಭಾಗ ತಣ್ಣಗಾಗುತ್ತದೆ. ಮುಳ್ಳಯ್ಯನಗಿರಿಯ ಮೇಲೆ ಗಾಳಿಯಲ್ಲಿ ನಿಂತು ಬಾಟಲಿ ತೆಗೆಯುವ ಪ್ರವಾಸಿಗಳು ಇದನ್ನು ತಿಳಿದರೆ ಲೇಸು. ಶುಂಠಿ ಮೆಣಸಿನ ಕಷಾಯಕ್ಕೆ ಅಡ್ಡಿಯಿಲ್ಲ, ಬಿಸಿ ಲೋಟ ಹಿಡಿದ ಕೈಗೂ ಲಾಭ.

ಬಚ್ಚಲ ಒಲೆಯ ಮುಂದೆ ಕೂರಬಹುದೇ? ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಬಹುದೇ?

ಒಲೆಯ ಮುಂದೆ ದೂರದಲ್ಲಿ ಸ್ವಲ್ಪ ಹೊತ್ತು ಕೂರಬಹುದು. ದಿನವೂ ಹತ್ತಿರ ಕೂತು ಕಾಲು ಕಾಯಿಸುವ ಅಜ್ಜಂದಿರ ಮೊಣಕಾಲ ಕೆಳಗೆ ಬಲೆ ಹೆಣೆದಂತೆ ಕಂದು ಕಲೆ ಮೂಡುತ್ತದೆ. ಅದು ಬೆಂಕಿಯ ಗುರುತು. ಬಟ್ಟೆಯೊಳಗೆ ಕಾಂಗ್ಡಿ ಎಂಬ ಕೆಂಡದ ಮಡಕೆ ಇಟ್ಟುಕೊಳ್ಳುವ ಕಾಶ್ಮೀರದಲ್ಲಿ ಇಂಥ ಚರ್ಮದಲ್ಲಿ ವರ್ಷಗಳ ಮೇಲೆ ಕ್ಯಾನ್ಸರ್ ಬಂದದ್ದು ದಾಖಲಾಗಿದೆ.

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯ ಸಣ್ಣ ಕೋಣೆಗಳಲ್ಲಿ ಮಕ್ಕಳೊಂದಿಗೆ ಮಲಗುವವರಿಗೆ ತೋಟದ ಮಾಲೀಕರು ಕೆಂಡದ ಬದಲು ಇನ್ನೆರಡು ಕಂಬಳಿ ಕೊಡಲಿ.

ಯಾವ ವೈದ್ಯರನ್ನು ನೋಡಬೇಕು, ಏನು ತೆಗೆದುಕೊಂಡು ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸಾಮಾನ್ಯ ವೈದ್ಯರು ಸಾಕು. ಹಿಮೋಗ್ಲೋಬಿನ್, ಸಕ್ಕರೆ, ಟಿಎಸ್‌ಎಚ್ ಪರೀಕ್ಷೆಗಳಿಂದ ಶುರುಮಾಡುತ್ತಾರೆ. ಬೇಕಾದರೆ ಅವರೇ ಚಿಕ್ಕಮಗಳೂರಿನ ಅರಳಗುಪ್ಪೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕಳಿಸುತ್ತಾರೆ. ಬೆರಳು ಬೆಳ್ಳಗಾಗುವುದು ವೈದ್ಯರ ಕೋಣೆಯಲ್ಲಿ ಆಗುವುದು ಅಪರೂಪ. ಆದ ಕ್ಷಣದಲ್ಲೇ ಮೊಬೈಲಿನಲ್ಲಿ ಎರಡೂ ಕೈಗಳ ಚಿತ್ರ ತೆಗೆದಿಟ್ಟುಕೊಳ್ಳಿ. ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ, ನಾಟಿ ಔಷಧಿ ಇದ್ದರೆ ಅದನ್ನೂ. ಬೀಡಿ, ಹೊಗೆಸೊಪ್ಪು, ಯಂತ್ರದ ಕೆಲಸ ಎಷ್ಟು ವರ್ಷದಿಂದ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಕಾಲಿನ ದೂರಾದರೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಎರಡೂ ಕಾಲುಚೀಲ ತೆಗೆದು ತೋರಿಸಿ. ಬೂಟು ಹಾಕಿಕೊಂಡೇ ಕೂತು ಹೇಳಿದ ಕಾಲುನೋವಿಗೆ ಬೂಟು ನೋಡಿಯೇ ಮಾತ್ರೆ ಬರೆದುಕೊಟ್ಟರೆ ಒಪ್ಪಬೇಡಿ.